ಒಂಟಿ ಬಾಗಿಲು

ಆ ಮಾತು ಕೋಚ್ ಬಾಯಿಗೆ ಬಂದದ್ದು ಹೇಗೆ?

ಅಂಕಣದ ಅಂಚಿನ ಕುರ್ಚಿಯಲ್ಲಿ ಕುಳಿತಿದ್ದ ಆರ್ಲಿಂಡಾಳ ಪೆನ್ಸಿಲ್ ಹಾಳೆಯ ಮೇಲೆ ತಡೆದು ನಿಂತಿತು. ಎದುರಿಗೆ ವಿಶ್ವವಿದ್ಯಾಲಯದ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಅಭ್ಯಾಸ ನಡೆದಿತ್ತು. ಮುಖ್ಯ ಕೋಚ್ ಕೆಟಲ್‌ಸನ್ ಹದಿನಾಲ್ಕನೇ ನಂಬರಿನವಳನ್ನು ನಿಲ್ಲಿಸಿಕೊಂಡು ಗದರುತ್ತಿದ್ದಳು.

"ಮತ್ತೆ ಬಲಕ್ಕೇ ತಿರುಗಿದೆ. ನೀನು ಒಂಟಿ ಬಾಗಿಲು ಕಣೇ."

ಒಂಟಿ ಬಾಗಿಲು. ಚೆಂಡು ಕೈಗೆ ಬಂದರೆ ಒಂದೇ ಕಡೆ ತಿರುಗಬಲ್ಲವಳಿಗೆ ಆರ್ಲಿಂಡಾ ಇಟ್ಟ ಹೆಸರು ಅದು. ಅಮೆರಿಕದ ನವಾಹೊ ಬುಡಕಟ್ಟಿನ ಸೀಮೆಯ ಹಳೆಯ ದುಂಡು ಮನೆಗಳಿಗೆ ಇರುವುದು ಒಂದೇ ಬಾಗಿಲು. ಅದನ್ನು ಕಂಡು ಹುಟ್ಟಿದ ಮಾತು. ಅದೇ ಸೀಮೆಯ ತನ್ನೂರು ಚಿನ್ಲೆಯಲ್ಲಿ ಶಾಲಾ ಬಸ್ಸು ಓಡಿಸುತ್ತ, ಪಂದ್ಯದ ದಿನ ಅಂಕ ಬರೆಯಲು ಕೂರುತ್ತ, ಹನ್ನೊಂದು ವರ್ಷ ಅವಳು ತನ್ನ ಪಾಡಿಗೆ ಆಟದ ಟಿಪ್ಪಣಿ ತುಂಬಿಸಿದ ನೋಟ್‌ಬುಕ್ಕುಗಳಲ್ಲಿ ಮಾತ್ರ ಅದಿತ್ತು. ತಿಳಿದಿದ್ದವಳು ಇನ್ನೊಬ್ಬಳೇ: ತಾನೂ ತನ್ನ ತಾಯಿಯೂ ಸೇರಿ ಸಾಕುತ್ತಿದ್ದ ಅಕ್ಕನ ಮಗಳು ಡೆಜ್ಬಾ. ಯಾರನ್ನು ತಂಡಕ್ಕೆ ಸೆಳೆಯಲು ಈ ಭೇಟಿಯೋ ಅವಳು ಮೇಲಿನ ಸಾಲಿನಲ್ಲಿ ಬೂಟುಗಾಲು ಆಡಿಸುತ್ತ ಕೂತಿದ್ದಳು. ಆಟದ ಶೂಗಳನ್ನು ಮನೆಯಲ್ಲೇ ಮರೆತು ಬಂದಿದ್ದಳಂತೆ.

ಹಾಗಾದರೆ ಹುಡುಗಿ ಬಾಯಿ ಬಿಟ್ಟಿದ್ದಾಳೆ. ಚಿಕ್ಕಮ್ಮನಿಗೆ ತಿಳಿಸದೆ ಇವರಿಗೆ ಮಾತೂ ಕೊಟ್ಟುಬಿಟ್ಟಿದ್ದರೆ?

ನಾಲ್ಕು ವರ್ಷದ ಹಿಂದೆ ಪಕ್ಕದ ಮನೆಯ ವರ್ನೆಲ್ಲಾಳನ್ನೂ ಹೀಗೇ ಒಂದು ವಿಶ್ವವಿದ್ಯಾಲಯ ಕರೆದೊಯ್ದಿತ್ತು. ನವಾಹೊ ಉಡುಗೆಯ ಮಖಮಲ್ಲಿನ ರವಿಕೆ, ಕೊರಳ ತುಂಬ ನೀಲಿ ಕಲ್ಲಿನ ಸರ ಹಾಕಿಸಿ, ಕೈಗೆ ಚೆಂಡು ಕೊಟ್ಟು, ಗೋಡೆಯೆತ್ತರದ ಪೋಸ್ಟರ್ ಮಾಡಿತ್ತು. ವರ್ಷವಿಡೀ ಆಡಿಸಿದ್ದು ಒಟ್ಟು ಒಂಬತ್ತು ನಿಮಿಷ. ವಸಂತಕ್ಕೆ ಮನೆಗೆ ಬಂದ ಹುಡುಗಿ ಮತ್ತೆ ಚೆಂಡು ಮುಟ್ಟಲಿಲ್ಲ. ಡೆಜ್ಬಾಗೆ ಇನ್ನೂ ಹದಿನೇಳು. ಪೋಷಕಿಯ ಸಹಿಯಿಲ್ಲದೆ ಯಾರೂ ಅವಳನ್ನು ತಂಡಕ್ಕೆ ಸೇರಿಸಿಕೊಳ್ಳುವಂತಿಲ್ಲ. ಆ ಸಹಿಯೊಂದೇ ಆರ್ಲಿಂಡಾಳ ಕೈಯಲ್ಲಿ ಉಳಿದಿದ್ದದ್ದು.

ಬೆಳಗಿನಿಂದಲೂ ಒಂದೂ ಸರಿಯಿರಲಿಲ್ಲ. ವಿಶ್ವವಿದ್ಯಾಲಯದವರ ಕಾರಿನಲ್ಲಿ ಮುಂದಿನ ಸೀಟು ಆರ್ಲಿಂಡಾಳಿಗೆ, ಹಿಂದೆ ಡೆಜ್ಬಾ. ಹೊಸ ಹುಡುಗಿಯರೆಲ್ಲ ಮೊದಲ ವರ್ಷ ಹಾಸ್ಟೆಲಿನಲ್ಲೇ ಇರಬೇಕು, ಆದರೆ ಹಾಸ್ಟೆಲ್ ಕಡೆ ಕಾರು ತಿರುಗಲೇ ಇಲ್ಲ. ಅಲ್ಲೇನು ಮುಚ್ಚಿಡುವಂಥದ್ದು? ಬದಲಿಗೆ ಎರಡು ಕೋಣೆಯ ಒಂದು ಪುಟ್ಟ ಮನೆ ತೋರಿಸಿ, ಇಲ್ಲಿ ನಾಯಿ ಸಾಕಲೂ ಅಡ್ಡಿಯಿಲ್ಲ ಎಂದರು. ಹದಿನೇಳರ ಹುಡುಗಿಗೆ ಮನೆಯ ಆಸೆ ತೋರಿಸುವವರನ್ನು ನಂಬುವುದುಂಟೆ?

ಊಟಕ್ಕೆ ಕೂತಾಗ ಇಬ್ಬರು ಸಹಾಯಕ ಕೋಚ್‌ಗಳು ಅವಳ ಎದುರಿಗೇ ಬಂದು ಕುಳಿತರು. ಡೆಜ್ಬಾ ಎಷ್ಟು ಓಡುತ್ತಾಳೆ, ಏನು ಓದುತ್ತಾಳೆ, ಒಬ್ಬರೂ ಕೇಳಲಿಲ್ಲ. ತಮ್ಮ ಹದಿನಾಲ್ಕನೇ ನಂಬರಿನವಳನ್ನು ಹೇಗೆ ಕಟ್ಟಿಹಾಕಬಹುದು ಎಂದು ಆರ್ಲಿಂಡಾಳನ್ನೇ ಕೇಳಿದರು. ಹೋದ ವಾರ ಟೀವಿಯಲ್ಲಿ ಅವಳ ಆಟ ನೋಡಿದ್ದರಿಂದ, ಎಡಕ್ಕೆ ತಳ್ಳಿದರೆ ಸಾಕು, ಅಲ್ಲಿ ಅವಳಿಗೆ ಕಣ್ಣೇ ಇಲ್ಲ, ಎಂದು ಹೇಳಿಬಿಟ್ಟಳು. ಇಬ್ಬರೂ ಮುಖ ಮುಖ ನೋಡಿಕೊಂಡು ಬರೆದುಕೊಂಡರು. ಚಿಕ್ಕಮ್ಮನನ್ನು ಉಬ್ಬಿಸಿದರೆ ಸಹಿ ಸಿಗುತ್ತದೆ ಎಂಬ ಲೆಕ್ಕಾಚಾರ.

ಅಭ್ಯಾಸ ಮುಗಿದ ಮೇಲೆ ಡ್ರೆಸ್ಸಿಂಗ್ ರೂಮು. ಭೇಟಿಗೆ ಬಂದ ಹುಡುಗಿಗೆ ತಂಡದ ಜರ್ಸಿ ತೊಡಿಸಿ ಫೋಟೋ ತೆಗೆಯುವುದು ಎಲ್ಲ ಕಡೆ ನಡೆದುಬಂದ ಪದ್ಧತಿ. ಇಲ್ಲಿ ಜರ್ಸಿಯೂ ಇರಲಿಲ್ಲ, ಕ್ಯಾಮೆರಾವೂ ಇರಲಿಲ್ಲ. ಫೋಟೋ ಮೊದಲೇ ತೆಗೆದಾಗಿದೆಯೇನೋ. ಪೋಸ್ಟರೂ ಅಚ್ಚಾಗಿದೆಯೇನೋ.

ಕಾರಿಡಾರಿನಲ್ಲಿ ಡೆಜ್ಬಾಳ ತೋಳು ಹಿಡಿದು ನಿಲ್ಲಿಸಿದಳು.

"ನೀನು ಇವರ ಹತ್ರ ಮೊದಲೇ ಮಾತಾಡಿದ್ದೀಯ?"

"ಹ್ಞೂಂ."

"ಏನು ಅಂತ?"

"ಒಳಗೆ ಬಾ, ಅವರೇ ಹೇಳ್ತಾರೆ. ಬಸ್ಸಿನ ಕನ್ನಡೀಲಿ ಹುಡುಗರನ್ನ ಕಾದೂ ಕಾದೂ ನಿಂಗೆ ಎಲ್ಲರೂ ಕಳ್ಳರ ಥರಾನೇ ಕಾಣ್ತಾರೆ ಚಿಕ್ಕಮ್ಮ."

ಹುಡುಗಿ ನಗುತ್ತಲೇ ತೋಳು ಬಿಡಿಸಿಕೊಂಡು ಮುಂದೆ ನಡೆದಳು.

ಕೋಣೆಯಲ್ಲಿ ಕೆಟಲ್‌ಸನ್ ಮೇಜಿನ ಮೇಲೊಂದು ಕಾಗದ ಇಟ್ಟುಕೊಂಡು ಕಾಯುತ್ತಿದ್ದಳು. ನಮಗೆ ಇವತ್ತೇ ಉತ್ತರ ಬೇಕು, ಇನ್ನೆರಡು ವಾರಕ್ಕೆ ಪಂದ್ಯಗಳು ಬಿರುಸಾಗುತ್ತವೆ, ಎಂದಳು. ಆರ್ಲಿಂಡಾ ಕಾಗದದ ಕಡೆ ನೋಡಲೂ ಇಲ್ಲ.

"ನಾನು ಸಹಿ ಹಾಕಲ್ಲ. ಇವಳನ್ನ ಗೋಡೆಗೆ ಅಂಟಿಸಿ ಬೆಂಚಲ್ಲಿ ಕೂರಿಸ್ತೀರಿ. ನಾನು ಒಂದು ಹುಡುಗೀನ ನೋಡಿ ಆಗಿದೆ, ಇನ್ನೊಂದು ಬೇಡ."

ಕೆಟಲ್‌ಸನ್ ಗಲಿಬಿಲಿಯಿಂದ ಡೆಜ್ಬಾಳ ಮುಖ ನೋಡಿದಳು. "ಇನ್ನೂ ಹೇಳೇ ಇಲ್ವಾ ನೀನು?"

"ಹೇಳಿದ್ರೆ ಇವಳು ಕಾರೇ ಹತ್ತುತ್ತಿರಲಿಲ್ಲ," ಎಂದಳು ಡೆಜ್ಬಾ. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿದಳು. "ನಾನು ಬರಲ್ಲ ಅಂತ ಅಕ್ಟೋಬರಲ್ಲೇ ಇವರಿಗೆ ಬರೆದಾಯ್ತು. ನಂಗೆ ನರ್ಸಿಂಗ್ ಓದಬೇಕು, ಊರ ಹತ್ರಾನೇ. ಅಜ್ಜಿ ಜೊತೆ ನಾನಿರ್ತೀನಿ. ಆ ಪತ್ರದ ಜೊತೆ ನಿನ್ನ ನೋಟ್‌ಬುಕ್ಕಿನ ನಲವತ್ತು ಹಾಳೇನೂ ಕಳಿಸಿದೆ. ಬೈಬೇಡ."

ಕೆಟಲ್‌ಸನ್ ಕಾಗದವನ್ನು ಮೆಲ್ಲಗೆ ಆರ್ಲಿಂಡಾಳ ಕಡೆ ತಿರುಗಿಸಿ ಇಟ್ಟಳು.

ಸಹಿಯ ಗೆರೆಯ ಕೆಳಗೆ 'ಪೋಷಕರು' ಎಂದಿರಲಿಲ್ಲ; 'ಆರ್ಲಿಂಡಾ ಬಿಟ್ಸೂಯಿ, ಸಹಾಯಕ ಕೋಚ್' ಎಂದಿತ್ತು.