ಬಾಗಿಲ ಹೊರಗಿನ ದನಿ

"ಇಷ್ಟು ಅತ್ತರೆ ಸಾಲದು ಪುಟ್ಟಿ. ಇನ್ನೊಂದು ಸಲ."

ಗಾಜಿನ ಆಚೆ ಕುಳಿತಿದ್ದ ನಿರ್ದೇಶಕನ ದನಿ ಹೆಡ್‌ಫೋನಿನಲ್ಲಿ ಗಡುಸಾಗಿ ಕೇಳಿಸಿತು. ಪುಟ್ಟಿ ಮುಂಗೈಯಿಂದ ಮೂಗೊರೆಸಿಕೊಂಡಳು. ಬೆಳಗಿನಿಂದ ಇದೇ ಗೋಳು. ಕಿಟಕಿಯಿಲ್ಲದ ಕೋಣೆ, ಒಂದು ಮೈಕು, ಎದುರಿಗೆ ತೆರೆ. ಮೈಕನ್ನು ಎಷ್ಟು ಇಳಿಸಿದ್ದರೂ ಅವಳು ಕತ್ತು ಚಾಚಿಯೇ ನಿಲ್ಲಬೇಕು. ಹೇಳಬೇಕಾದ ಮಾತುಗಳನ್ನು ಅವಳಿಗೆಂದೇ ದಪ್ಪ ದಪ್ಪ ಅಕ್ಷರಗಳಲ್ಲಿ ಬರೆದುಕೊಟ್ಟಿದ್ದರು.

ರಜೆ ಬಂತೆಂದರೆ ಹಳೆಯ ಅಜ್ಜಿ ಕಥೆಯೊಂದನ್ನು ಹಿಡಿದು ಟಿವಿಗೆ ಸಿನಿಮಾ ಮಾಡುವುದು ಈ ನಿರ್ದೇಶಕನ ಕಸುಬು. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುವಂಥದ್ದು. ಅವನ ಚಿತ್ರಗಳಲ್ಲಿ ಮಗು ಅತ್ತಾಗಲೆಲ್ಲ ಅಳುವುದು ನಮ್ಮ ಪುಟ್ಟಿಯೇ. ಅವಳ ಅಳು ಕೇಳಿ ಕಣ್ಣೊರೆಸಿಕೊಳ್ಳದ ಮನೆಯಿಲ್ಲ.

ಈ ಸಲದ ಕಥೆಯಲ್ಲಿ ಕಾಡಿನ ರಾಕ್ಷಸಿ ಯಾರ ವೇಷ ಬೇಕಾದರೂ ಹಾಕಬಲ್ಲಳು. ಸಂಜೆ ತಡವಾಗಿ ಬಂದ ಮಗಳನ್ನೇ ರಾಕ್ಷಸಿಯೆಂದುಕೊಂಡು ತಾಯಿ ಚಿಲಕ ಹಾಕಿಕೊಳ್ಳುತ್ತಾಳೆ. ಹಳೆಯ ಕಥೆಯಲ್ಲಿ ಬಾಗಿಲು ತೆರೆಯುವುದೇ ಇಲ್ಲ. ಮಗಳು ಹೊಸ್ತಿಲಲ್ಲೇ ಕಲ್ಲಾಗುತ್ತಾಳೆ. ಚಾನೆಲ್‌ನವರು ಹೌಹಾರಿದರು. ರಜೆಯ ದಿನ ಯಾರಾದರೂ ಮಕ್ಕಳಿಗೆ ಇಂಥದ್ದು ತೋರಿಸುತ್ತಾರೆಯೇ? ಸರಿ, ಮಗಳ ಅಳು ಕೇಳಿ ತಾಯಿ ಬಾಗಿಲು ತೆರೆಯುತ್ತಾಳೆ ಎಂದಾಯಿತು. ಚಿತ್ರೀಕರಣವೂ ಮುಗಿಯಿತು. ಈಗ ಆ ಅಳುವೊಂದೇ ಬಾಕಿ.

"ಸಾರ್, ಮಾತು ತೊದಲುತ್ತಿದೆ," ಎಂದಳು ಪುಟ್ಟಿ. "ಮೊನ್ನೆ ಮುಂದಿನ ಹಲ್ಲು ಬಿತ್ತಲ್ಲ."

"ಬಿದ್ದಿದ್ದು ಒಳ್ಳೇದೇ ಆಯ್ತು ಬಿಡು. ಮುದ್ದಾಗಿ ಕೇಳುತ್ತೆ."

ರೆಕಾರ್ಡಿಂಗ್‌ನವನು ಕಿಸಕ್ಕೆಂದ. ಪಾಪ, ಪುಟ್ಟಿಯೂ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು:

"ಇವತ್ತು ಬೇಗ ಬಿಡ್ತೀರಾ ಸಾರ್? ಅಮ್ಮ ಒಬ್ಬಳೇ ಇದ್ದಾಳೆ. ಬೆಳಗಿನಿಂದ ಏನೂ ತಿಂದಿರಲ್ಲ."

"ನಿನ್ನೆ ಒಳಗೆ ಬಿಟ್ಟರಾ ನಿಮ್ಮಮ್ಮ?"

"ಪಕ್ಕದ ಮನೆಯಾಕೆ ಬಂದು ಹೇಳಿದ ಮೇಲೆ ತೆಗೆದಳು. ಅವರ ಮಾತಾದರೆ ಕೇಳ್ತಾಳೆ. ಆದರೆ ಅವರೂ ರಜೆ ಅಂತ ಇವತ್ತು ಊರಿಗೆ ಹೊರಟುಬಿಟ್ರು."

ಹೆತ್ತವಳೇ ಒಳಗಿನಿಂದ ಚಿಲಕ ಹಾಕಿಕೊಂಡರೆ ಯಾರಿಗೆ ದೂರು ಕೊಡುವುದು? ಅಪ್ಪ ಇಲ್ಲ. ಒಡಹುಟ್ಟಿದವರಿಲ್ಲ. ಕೆಲವು ದಿನ ಅಮ್ಮ ಒಳ್ಳೆಯವಳೇ. ತಲೆ ಸವರುತ್ತಾಳೆ, ಉಂಡೆಯಾ ಎಂದು ಕೇಳುತ್ತಾಳೆ. ಇನ್ನು ಕೆಲವು ದಿನ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ. ಪುಟ್ಟಿಯ ಮೊಣಕೈ ಹತ್ತಿರ ಕಂದಿದ ಗುರುತು ಹೇಗೆ ಬಂತೆಂದು ಸ್ಟುಡಿಯೋದಲ್ಲಿ ಒಬ್ಬರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದು ಮಾಡುವುದಾದರೂ ಏನು?

ನಿರ್ದೇಶಕ ಗಾಜಿನ ಹತ್ತಿರಕ್ಕೆ ಬಾಗಿದ. ಅವನ ಮನಸ್ಸೂ ಕರಗಿತೇನೋ ಎನ್ನುವಷ್ಟರಲ್ಲಿ ಹೇಳಿದ:

"ನಿನ್ನೆ ಆ ಬಾಗಿಲ ಮುಂದೆ ನಿಂತಿದ್ದೆಯಲ್ಲ, ಅದನ್ನೇ ನೆನೆಸ್ಕೋ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ತೆರೆಯ ಮೇಲೆ ಪುಟ್ಟ ಕೈಗಳು ಬಾಗಿಲು ಬಡಿದವು. ಪುಟ್ಟಿ ಕಣ್ಣು ಮುಚ್ಚಿದಳು. "ಅಮ್ಮಾ... ನಾನೇ ಕಣಮ್ಮಾ..." ಆಮೇಲೆ ಬಂದದ್ದು ಹಾಳೆಯಲ್ಲಿ ಇರಲಿಲ್ಲ. ರೆಕಾರ್ಡಿಂಗ್‌ನವನು ಮುಖ ತಿರುಗಿಸಿಕೊಂಡ.

"ಭೇಷ್!" ಎಂದ ನಿರ್ದೇಶಕ ಎದ್ದು ನಿಂತು. "ಇನ್ನು ಬಾಗಿಲು ತೆರೆಯದಿದ್ದರೆ ಅದು ತಾಯಿಯೇ ಅಲ್ಲ."

ಯಾರೋ ಚಾಕಲೇಟು ತಂದು ಪುಟ್ಟಿಯ ಕೈಗಿತ್ತರು. ಅವಳು ಕಾಗದ ಬಿಚ್ಚುವಷ್ಟರಲ್ಲಿ ನಿರ್ದೇಶಕ ಕಿತ್ತುಕೊಂಡ. "ಇವಳಿಗೆ ಸಿಹಿ ಕೊಡಬೇಡಿ ಅಂತ ಎಷ್ಟು ಸಲ ಹೇಳೋದು? ಹೋಗು ಪುಟ್ಟಿ, ರಸ್ತೆ ದಾಟುವಾಗ ಹುಷಾರು."

ಬಸ್ಸು ತುಂಬಿ ತುಳುಕುತ್ತಿತ್ತು. ಅವಳನ್ನು ನೋಡಿ ಒಬ್ಬ ಎದ್ದು ಸೀಟು ಬಿಟ್ಟುಕೊಟ್ಟ. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳಿಗೆ ದಾರಿಯುದ್ದಕ್ಕೂ ಒಂದೇ ಚಿಂತೆ: ಇವತ್ತು ತೆಗೆಯುತ್ತಾಳೋ, ಇಲ್ಲವೋ?

ಮೆಟ್ಟಿಲ ಕಂಬಿ ಹಿಡಿದು ಹತ್ತಿದಳು. ಪಕ್ಕದ ಮನೆಗೆ ಬೀಗ. ತನ್ನ ಮನೆಗೆ ಒಳಚಿಲಕ.

"ಅಮ್ಮ, ಬಾಗಿಲು ತೆಗಿ."

"ಯಾರದು?"

"ನಾನಮ್ಮ, ಪುಟ್ಟಿ."

"ಸುಳ್ಳು! ನನ್ನ ಮಗಳ ದನಿ ನನಗೆ ಗೊತ್ತಾಗಲ್ವಾ? ಹೋಗ್ತೀಯೋ, ಜನ ಸೇರಿಸಲೋ?"

ಪುಟ್ಟಿ ಬಡಿದಳು. ಬೇಡಿಕೊಂಡಳು. ಆಣೆ ಇಟ್ಟಳು. ಒಳಗೆ ಕುರ್ಚಿಯನ್ನು ಎಳೆದು ಬಾಗಿಲಿಗೆ ಒತ್ತುಕೊಟ್ಟ ಸದ್ದಾಯಿತು. ಅವಳು ಅಲ್ಲೇ ಗೋಡೆಗೊರಗಿ ಕುಸಿದಳು. ಅಮ್ಮ ಬಿಟ್ಟರೆ ಅವಳಿಗೆ ಈ ಭೂಮಿಯ ಮೇಲೆ ಬೇರೆ ಯಾರಿದ್ದಾರೆ? ಅಳಬಾರದೆಂದುಕೊಂಡರೂ ಆಗಲಿಲ್ಲ. ಇಡೀ ದಿನ ಮೈಕಿನ ಮುಂದೆ ಅತ್ತ ಗಂಟಲು. ಅದೇ ದನಿ ತಾನಾಗಿ ಹೊರಬಂತು.

"ಅಮ್ಮಾ... ನಂಗೆ ಭಯ ಆಗ್ತಿದೆ ಕಣಮ್ಮಾ... ಬೇಗ ಬಾಮ್ಮಾ..."

ಒಳಗೆ ಕುರ್ಚಿ ಸರಿಯಿತು.

"ಬಂದೆ ಕಂದಾ! ಅಳಬೇಡ, ಬಂದೆ!"

ಚಿಲಕ ತೆಗೆದ ಸದ್ದು. ಪುಟ್ಟಿ ಗೋಡೆ ಹಿಡಿದು ಎದ್ದಳು. ಬಾಗಿಲು ಪೂರ್ತಿ ತೆರೆಯಿತು. ಎರಡೂ ಕೈ ಚಾಚಿ ನಿಂತಿದ್ದ ಅಮ್ಮನನ್ನು ಕಂಡು ಅವಳಿಗೆ ಹೋದ ಜೀವ ಬಂದಂತಾಯಿತು.

"ಸ್ವಲ್ಪ ದಾರಿ ಬಿಡಿ ಅಜ್ಜಿ," ಎಂದು ಎಂಬತ್ತು ದಾಟಿದ ಆ ತಾಯಿ, ತಲೆ ಪೂರ್ತಿ ನರೆತಿದ್ದ ಪುಟ್ಟಿಯನ್ನು ಬದಿಗೆ ಸರಿಸಿ ಮೆಟ್ಟಿಲ ಕಡೆ ಇಣುಕಿದಳು, "ನನ್ನ ಮಗು ಇಲ್ಲೇ ಎಲ್ಲೋ ಅಳ್ತಿದೆ."