ಹೆಸರು ಬೇಡದ ಫಂಕ್ಷನ್

ಹೆರಿಗೆ ರಜೆ ಇನ್ನೂ ಎಷ್ಟೋ ಬಾಕಿ ಇರುವಾಗಲೇ ಭಾರ್ಗವಿ ಕೆಲಸಕ್ಕೆ ಬಂದುಬಿಟ್ಟಿದ್ದಳು. ಎಳೆಗೂಸನ್ನು ತನ್ನ ತಾಯಿಯ ಮಡಿಲಿಗೆ ಹಾಕಿ ಬಂದಿರಬೇಕು, ಏನು ಹೆಂಗಸೋ ಎಂದು ಟೀಮ್ ಲೀಡ್ ಪ್ರಹ್ಲಾದ ಮನಸ್ಸಿನಲ್ಲೇ ಗೊಣಗಿಕೊಂಡ. ಅವಳು ಬರೆದ ಕೋಡ್ ನೋಡಿದಾಗ ಆ ಸಿಟ್ಟು ನಾಲಿಗೆಗೆ ಬಂತು.

"ಇದೇನ್ರೀ ಇದು? ಪೇಜ್ ತೆರೆದ ತಕ್ಷಣ ತಾನೇ ಒಂದ್ಸಲ ಓಡಿ ಮುಗಿದುಹೋಗೋ ಫಂಕ್ಷನ್. ಇಂಥದಕ್ಕೆ ಯಾರಾದ್ರೂ ಹೆಸರಿಡ್ತಾರಾ? ಅದೂ ಸಿಂಚನಾ ಅಂತ!"

"ಇಟ್ರೆ ತಪ್ಪೇನಿಲ್ಲ ಸರ್. ಓಡುತ್ತೆ."

"ಓಡುತ್ತೆ ಸರಿ. ಆದ್ರೆ ಈ ಹೆಸರು ಹಿಡಿದು ಹೊರಗಿಂದ ಎಷ್ಟು ಕರೆದ್ರೂ ಅದು ಸಿಗಲ್ಲ."

"ಗೊತ್ತು ಸರ್. ಸಿಗಲ್ಲ."

ಅವಳು ಸ್ಕ್ರೀನಿನಿಂದ ಕಣ್ಣು ಕೀಳಲಿಲ್ಲ. ಪ್ರಹ್ಲಾದನಿಗೆ ಇನ್ನಷ್ಟು ರೇಗಿತು. ತಾನೇ ಕೀಬೋರ್ಡ್ ಎಳೆದುಕೊಂಡು ಆ ಹೆಸರನ್ನು ಅಳಿಸಿ, ಪೇಜನ್ನು ಮತ್ತೆ ತೆರೆದು ತೋರಿಸಿದ.

"ನೋಡಿ, ಹೆಸರಿಲ್ಲದೇನೂ ನಡೀತು. ಯಾರಿಗಾದ್ರೂ ಏನಾದ್ರೂ ನಷ್ಟ ಆಯ್ತಾ?"

ಅಳಿಸಿದ ಜಾಗವನ್ನೇ ನೋಡುತ್ತಾ ಅವಳೆಂದಳು, "ನಮ್ಮಲ್ಲಿ ಹೆಸರಿಡೋದು ತೊಟ್ಟಿಲಿಗೆ ಹಾಕೋ ದಿನ, ಸರ್. ಅವಳು ಅಲ್ಲೀತನಕ ಉಳೀಲಿಲ್ಲ."