ಬೇಡದೇ ಸಿಕ್ಕಿದ್ದು

ಅಂಟಾರ್ಕ್ಟಿಕಾದ ಸಂಶೋಧನಾ ನೆಲೆಗೆ ಹದಿನಾಲ್ಕು ತಿಂಗಳ ಮಟ್ಟಿಗೆ ಆಯ್ಕೆಯಾದ ವಾಮನಮೂರ್ತಿ, ದೇವರಿಗೆ ಕೃತಜ್ಞತೆಯ ಪೂಜೆ ಮಾಡಿಸಲು ಹೆಂಡತಿಯನ್ನು ಕರೆದುಕೊಂಡು ದೇವಸ್ಥಾನಕ್ಕೆ ಬಂದ.

"ಇದು ವರವೋ, ಅನುಗ್ರಹವೋ?" ಅರ್ಚಕರು ಕೇಳಿದರು.

"ಎರಡೂ ಒಂದೇ ಅಲ್ವೇ ಸ್ವಾಮಿ?"

"ಎಲ್ಲಾದ್ರೂ ಉಂಟೇ! ಬೇಡಿಕೊಂಡು ಸಿಕ್ಕಿದ್ದು ವರ, ಬೇಡದೇ ಸಿಕ್ಕಿದ್ದು ಅನುಗ್ರಹ. ಪೂಜೆ ಬೇರೆ ಬೇರೆ. ಅದಲುಬದಲಾದ್ರೆ ದೇವರು ಕೊಟ್ಟಿದ್ದನ್ನ ವಾಪಸ್ ತಗೊಂಡುಬಿಡ್ತಾನೆ."

ವಾಮನಮೂರ್ತಿ ನೆನಪನ್ನೆಲ್ಲ ಜಾಲಾಡಿದ. ದೇವರಲ್ಲಿ ಬೇಡುವುದಿರಲಿ, ಆಫೀಸಿನಲ್ಲಿ ಅರ್ಜಿಯನ್ನೂ ಹಾಕಿರಲಿಲ್ಲ.

"ಅನುಗ್ರಹವೇ ಸ್ವಾಮಿ. ನಮ್ಮನೇಲಿ ಯಾರೂ ಬೇಡಿಕೊಂಡಿಲ್ಲ," ಎಂದ ಖಚಿತವಾಗಿ.

ಅರ್ಚಕರು ಅನುಗ್ರಹದ ಪೂಜೆಗೆ ಹೂ ಎತ್ತಿಕೊಂಡರು.

"ಅಯ್ಯೋ, ತಡೀರಿ ಸ್ವಾಮಿ!" ಹೆಂಡತಿ ಗಾಬರಿಯಿಂದ ಕೂಗಿದಳು. "ವರದ ಪೂಜೆನೇ ಮಾಡಿ. ನಲವತ್ತೆಂಟು ದಿನ ಪ್ರದಕ್ಷಿಣೆ ಹಾಕಿದ್ದೀನಿ ನಾನು!"